ಎಂಟನೆಯ ಕೋಪಿಗೆ ಹೊಸ ಕೂಗು

ದೋಹಾದ ನಮ್ಮ ಕೋಲಾಟದ ತಂಡದಲ್ಲಿ ಕುಣಿಯುವವರು ಹದಿನಾರು ಜನ, ಕೂಗುವವಳು ನಾನೊಬ್ಬಳು. ಕೂಗುವುದೆಂದರೆ ಹಾಡುವುದಲ್ಲ. ಹಾಡು ಸ್ಪೀಕರಿನಲ್ಲಿ ಬರುತ್ತದೆ. ಕೋಲಾಟದಲ್ಲಿ ಕುಣಿತದ ಒಂದೊಂದು ಬಗೆಗೂ ನಮ್ಮ ಕಡೆ ಕೋಪು ಎನ್ನುತ್ತಾರೆ. ಒಂದು ಕೋಪಿನಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕು, ಯಾರು ಯಾವ ಕಡೆ ತಿರುಗಬೇಕು ಎಂದು ಹಾಡಿನ ನಡುವೆ, ತಾಳ ತಪ್ಪದಂತೆ, ಮೂವತ್ತೆರಡು ಕೋಲುಗಳ ಸದ್ದಿನ ಮೇಲೆ ಕೇಳಿಸುವಂತೆ ಕೂಗಿ ಹೇಳಬೇಕು. ಅರ್ಧ ಕ್ಷಣ ತಡವಾದರೆ ಯಾರದೋ ಬೆರಳಿಗೆ ಪೆಟ್ಟು ಬೀಳುತ್ತದೆ.

ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಗಂಟಲಿನಿಂದ. ಆ ಗಂಟಲು ತಯಾರಾದದ್ದು ಸಂಗೀತದ ಕ್ಲಾಸಿನಲ್ಲಲ್ಲ. ನಾಲ್ಕನೆಯ ಕ್ಲಾಸಿನಿಂದ ಏಳನೆಯ ಕ್ಲಾಸಿನವರೆಗೆ ಬೆಳಿಗ್ಗೆ ಸ್ಕೂಲಿಗೆ ಮುಂಚೆ ಯಾರದೋ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಹಕ್ಕಿ ಓಡಿಸುತ್ತಿದ್ದೆ. ಹೊಲದ ಆ ತುದಿಯ ಗಿಣಿಗೂ ಕೇಳಿಸಬೇಕು, ಹಾಗೆ ಕೂಗಬೇಕು. ಅಲ್ಲಿಂದ ಸರ್ಕಾರಿ ಹಾಸ್ಟೆಲ್ಲು, ಅಲ್ಲಿಂದ ತಾಲ್ಲೂಕಿನ ಕಾಲೇಜು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ನನಗಿಂತ ಹಿಂದೆ ಒಬ್ಬರೂ ಇರಲಿಲ್ಲ, ಅಕ್ಕಪಕ್ಕದ ಮನೆಯಲ್ಲೂ ಇರಲಿಲ್ಲ. ಇದನ್ನು ಹೇಳಿಕೊಳ್ಳುವಾಗ ಕೆಲವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ, ದೊಡ್ಡಸ್ತಿಕೆ ಅಂದಾರು ಎಂದು. ನಾನು ಹಾಗೆ ಹೇಳುವುದಿಲ್ಲ. ಮೂರು ಸಲ ಇಂಗ್ಲಿಷಿನಲ್ಲಿ ಫೇಲಾಗಿ ನಾಲ್ಕನೆಯ ಸಲ ಪಾಸಾದ ಡಿಗ್ರಿ ಅದು. ಈಗ ಮುಶೈರಿಬ್‌ನ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಚಾಲ್ತಿಯಲ್ಲಿದೆ, ಯಾವುದು ಹಳೆಯದಾಯಿತು ಎಂದು ಇಂಜಿನಿಯರುಗಳು ನನ್ನ ಮೇಜಿಗೆ ಬಂದು ಕೇಳಿ ಹೋಗುತ್ತಾರೆ. ಅದೇ ಇಂಗ್ಲಿಷಿನಲ್ಲಿ.

ನಮಗೆ ಕೋಲಾಟ ಕಲಿಸಿದವರು ದುಖಾನಿನ ಅಣ್ಣ. ವಯಸ್ಸು ಐವತ್ತೈದು ದಾಟಿದೆ. ದುಖಾನ್ ಎಂಬ ಆ ಎಣ್ಣೆ ಬಾವಿಗಳ ಊರಿನಲ್ಲಿ, ಕಂಪನಿ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಅವರೂ ನಮ್ಮ ಮಂಡ್ಯದ ಕಡೆಯವರು. ಅವರ ತಂದೆ ಆ ಸೀಮೆಯಲ್ಲಿ ಕೋಲಾಟದ ಮೇಷ್ಟ್ರು. ಅವರು ಬದುಕಿದ್ದಾಗ ಅಣ್ಣ ಒಂದು ರಜೆಯಲ್ಲಿ ಊರಿಗೆ ಹೋಗಿ, ತಂದೆಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹನ್ನೊಂದು ಕೋಪುಗಳನ್ನೂ ಅವುಗಳ ಕೂಗುಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆ ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಹೊದಿಕೆ. ಅದನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ತಾವೇ ಹಿಡಿದು ತೋರಿಸುತ್ತಾರೆ. ನಮ್ಮ ಕೋಲುಗಳನ್ನೂ ಅವರೇ ಊರಿನಿಂದ ತಂದದ್ದು. ಏರ್‌ಪೋರ್ಟಿನಲ್ಲಿ ಸ್ಕ್ಯಾನರಿನವನು ಬ್ಯಾಗು ತೆರೆಸಿ, ಮೂವತ್ತೆರಡು ದೊಣ್ಣೆ ಯಾಕೆ ಎಂದು ಕೇಳಿದನಂತೆ. ಅಣ್ಣ ಎರಡು ಕೋಲು ತೆಗೆದು ಅಲ್ಲೇ ನಾಲ್ಕು ಹೆಜ್ಜೆ ಹಾಕಿದರಂತೆ. ಅವನು ನಕ್ಕು, "ಯಲ್ಲಾ, ಯಲ್ಲಾ", ನಡಿ ನಡಿ, ಎಂದು ಕಳುಹಿಸಿದನಂತೆ.

ಶುಕ್ರವಾರ ಇಲ್ಲಿ ವಾರದ ರಜೆ. ಅಂದು ಬೆಳಿಗ್ಗೆ ಅಲ್ ವುಕೈರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ ಅಭ್ಯಾಸ. ಅಷ್ಟು ದೂರ ಡ್ರೈವ್ ಮಾಡಿಕೊಂಡು ಅಣ್ಣ ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ನವೆಂಬರಿನ ರಾಜ್ಯೋತ್ಸವಕ್ಕೆ ಹನ್ನೊಂದು ಕೋಪನ್ನೂ ಕುಣಿಯುವುದೆಂದು ತೀರ್ಮಾನವಾಗಿತ್ತು.

ಎಂಟನೆಯ ಕೋಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಟು ಜನ ಒಳಸುತ್ತಿನಲ್ಲಿ, ಎಂಟು ಜನ ಹೊರಸುತ್ತಿನಲ್ಲಿ. ಒಳಸುತ್ತಿನವರು ಕೈಚಾಚಿ ಪಕ್ಕದವರ ಕೋಲಿನ ತುದಿಗೆ ತಮ್ಮ ಕೋಲಿನ ತುದಿ ಮುಟ್ಟಿಸಿ ನಿಲ್ಲುತ್ತಾರೆ. ಸೊಂಟದ ಎತ್ತರಕ್ಕೆ ಸುತ್ತಲೂ ಬೇಲಿಯಂತಾಗುತ್ತದೆ. ಹೊರಸುತ್ತಿನವರು ಆ ಕೋಲಿನ ಅಡಿಯಲ್ಲಿ ಬಗ್ಗಿ ಒಳಗೆ ನುಸುಳಬೇಕು, ಎರಡನೆಯ ಕೂಗಿಗೆ ಮುಂದಿನ ಸಂದಿಯಲ್ಲಿ ಬಗ್ಗಿ ಹೊರಗೆ ಬರಬೇಕು. ಹೀಗೆ ಸುತ್ತು ಪೂರ್ತಿಯಾಗುವವರೆಗೆ. ಅದರ ಕೂಗು: "ಒಡೆಯ ನಿಲ್ಲು, ಆಳು ಬಗ್ಗು."

ಎರಡು ತಿಂಗಳು ನಾನು ಅದನ್ನು ಕೂಗಿದೆ. ಬಾಯಿಗೆ ಎಷ್ಟು ಚೆನ್ನಾಗಿ ಕೂರುತ್ತಿತ್ತೆಂದರೆ ಅದರಲ್ಲಿ ಏನಿದೆ ಎಂದು ಒಂದು ದಿನವೂ ನೋಡಲಿಲ್ಲ. ಇದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ.

ಅಕ್ಟೋಬರಿನ ಒಂದು ಶುಕ್ರವಾರ ಅಭ್ಯಾಸ ಬಹಳ ಚೆನ್ನಾಗಿ ಆಯಿತು. ಯಾರೋ ತೆಗೆದ ವಿಡಿಯೋವನ್ನು ಹೆಮ್ಮೆಯಿಂದ ಊರಿಗೆ, ತಮ್ಮನ ಫೋನಿಗೆ ಕಳುಹಿಸಿ ಅಪ್ಪನಿಗೆ ತೋರಿಸಲು ಹೇಳಿದೆ. ಸಂಜೆ ಅಪ್ಪನೇ ಫೋನಿನಲ್ಲಿ ಬಂದರು.

"ನೋಡ್ದೆ ಕನವ್ವ. ಎರಡು ಸತಿ ನೋಡ್ದೆ. ಚೆನ್ನಾಗ್ ಕೂಗ್ತೀಯ. ಗಂಡಸ್ರು ಇದ್ರೂ ನೀನೇ ಕೂಗ್ತೀಯಲ್ಲ, ಅದು ಚೆಂದ."

"ಹನ್ನೊಂದು ಕೋಪೂ ಬಾಯಲ್ಲೇ ಇದೆ ಅಪ್ಪ. ಚೀಟಿ ನೋಡಲ್ಲ."

"ಊಂ. ಅದ್ರಲ್ಲಿ ಆಳು ಯಾರವ್ವ ಆಗಿರೋದು?"

"ಯಾರೂ ಅಲ್ಲ ಅಪ್ಪ. ಬರೀ ಹೆಸರು ಅದು."

"ಸರಿ ಬುಡು. ಆ ಮನೇಲಿ ನನಗೂ ಬರೀ ಅದೇ ಹೆಸರಿತ್ತು."

ಆಮೇಲೆ ಮಳೆ, ತಮ್ಮನ ಮಗುವಿನ ಹಲ್ಲು, ಇಂಥದ್ದೆಲ್ಲ ಮಾತಾಡಿ ಇಟ್ಟರು. ಬೈಯಲಿಲ್ಲ, ದನಿಯೂ ಬದಲಾಗಲಿಲ್ಲ.

ಅಪ್ಪ ಎಂಟನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಒಂದು ಮನೆಯಲ್ಲಿ ಜೀತಕ್ಕಿದ್ದರು. ಇದು ನಮಗೆಲ್ಲ ಗೊತ್ತಿದ್ದ ವಿಷಯ, ಆದರೆ ಅವರು ಆ ಮನೆಯ ಬಗ್ಗೆ ಮಾತಾಡುವುದು ಕಡಿಮೆ. ಆ ಹನ್ನೊಂದು ವರ್ಷ ಅವರನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ ಎಂಬುದು ನನಗೆ ಅಂದು ಗೊತ್ತಾಯಿತು. ಫೋನು ಕೈಯಲ್ಲಿ ಹಿಡಿದು ಕೂತೆ. ನನ್ನನ್ನು ಸ್ಕೂಲಿಗೆ ಸೇರಿಸುವಾಗ ಅಪ್ಪ ಮೇಷ್ಟ್ರ ಮೇಜಿನ ಮುಂದೆ ನಿಂತು ನನ್ನ ಹೆಸರನ್ನು ಮೂರು ಸಲ ಬಿಡಿಸಿ ಬಿಡಿಸಿ ಹೇಳಿದ್ದರು, ಸರಿಯಾಗಿ ಬರೆದುಕೊಳ್ಳಿ ಎಂದು. ಆ ಹೆಸರು ಹೊತ್ತುಕೊಂಡು ಕತಾರಿಗೆ ಬಂದವಳು ನಾನು. ನನ್ನ ಗಂಟಲಿನಿಂದ ಆ ಮಾತು ಇನ್ನು ಹೊರಡಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಆದರೆ ಕೂಗುವುದನ್ನೂ ಬಿಡುವುದಿಲ್ಲ. ಎರಡೂ ಒಟ್ಟಿಗೆ ಆಗಬೇಕು.

ಮುಂದಿನ ಶುಕ್ರವಾರ ಬೇಗ ಇಳಿದು ಹೋದೆ. ಅಣ್ಣ ಕಾರಿನ ಡಿಕ್ಕಿ ತೆರೆದು ಕೋಲುಗಳನ್ನು ಜೋಡಿ ಮಾಡುತ್ತಿದ್ದರು.

"ಅಣ್ಣ, ಎಂಟನೇ ಕೋಪಿನ ಕೂಗು ಬದಲಾಯಿಸಬೇಕು."

"ಯಾಕವ್ವ? ಗಂಟಲು ಕಟ್ಟುತ್ತಾ?"

"ಇಲ್ಲ. ಆಳು ಬಗ್ಗು ಅಂತ ನಾನು ಕೂಗಲ್ಲ."

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅಪ್ಪ ಹೇಳಿದ್ದನ್ನು ಹಾಗೆಯೇ ಹೇಳಿದೆ. ಹೆಚ್ಚಿಗೆ ಒಂದು ಮಾತೂ ಸೇರಿಸಲಿಲ್ಲ. ಅಣ್ಣ ಕೋಲುಗಳನ್ನು ಕೆಳಗಿಟ್ಟರು.

"ನಿಮ್ಮಪ್ಪನ ಮೇಲೆ ನಂಗೆ ಗೌರವ ಐತೆ ಕನವ್ವ. ಆದ್ರೆ ಇದು ನಮ್ಮಪ್ಪ ಕೂಗಿದ್ದು. ಅವರ ಬಾಯಿಂದ ಬಂದದ್ದನ್ನ ಬರ್ಕೊಂಡಿದ್ದೀನಿ. ಅವರೇನು ಯಾರನ್ನೂ ಜೀತಕ್ಕಿಟ್ಕಂಡಿದ್ದೋರಲ್ಲ. ಎರಡು ಎಕ್ರೆ ಉತ್ಕೊಂಡು ಬದುಕಿದೋರು."

"ನಿಮ್ಮಪ್ಪನ್ನ ನಾನು ಏನೂ ಅಂದಿಲ್ಲ ಅಣ್ಣ. ಮಾತಿನ ಬಗ್ಗೆ ಹೇಳ್ತಿರೋದು."

"ಮಾತು ಅವರದೇ ತಾನೆ? ಇವತ್ತು ಇದೊಂದು ತೆಗಿ, ನಾಳೆ ಇನ್ನೊಂದು ತೆಗಿ, ಆಮೇಲೆ ನೋಟ್‌ಬುಕ್ಕಲ್ಲಿ ಏನುಳಿಯುತ್ತೆ, ರಟ್ಟಾ?"

ನನ್ನ ಆಫೀಸಿನ ಪದ್ಧತಿಯನ್ನೇ ಹೇಳಿದೆ. ಹೊಸ ನಕ್ಷೆ ಬಂದಾಗ ಹಳೆಯದನ್ನು ನಾವು ಹರಿದು ಹಾಕುವುದಿಲ್ಲ. ಮೇಲೆ ಸೀಲು ಒತ್ತಿ ಫೈಲಿನಲ್ಲೇ ಇಡುತ್ತೇವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಆದರೆ ಹಳೆಯದನ್ನು ಹಿಡಿದು ಸೈಟಿನಲ್ಲಿ ಗೋಡೆ ಕಟ್ಟುವ ಹಾಗಿಲ್ಲ. ಅಣ್ಣನಿಗೂ ಸೈಟಿನ ಅಭ್ಯಾಸ ಇದ್ದದ್ದರಿಂದ ಮಾತು ಅರ್ಥವಾಯಿತು, ಆದರೆ ಇಷ್ಟವಾಗಲಿಲ್ಲ.

"ಆಯ್ತು. ಒಂದು ಮಾತು ಹೇಳ್ತೀನಿ ಕೇಳು," ಎಂದರು. "ನೀನು ಬೇರೆ ಕೂಗು ತಾ. ತಾಳಕ್ಕೆ ಕೂರಬೇಕು. ಕುಣಿಯೋರ ಕಾಲು ಒಂದು ಸತೀನೂ ತಪ್ಪಬಾರದು. ಇವತ್ತು, ಮುಂದಿನ ಶುಕ್ರವಾರ, ಎರಡೇ ಸತಿ. ಆಗ್ಲಿಲ್ಲ ಅಂದ್ರೆ ನಮ್ಮಪ್ಪಂದೇ. ನೀನು ಕೂಗಲ್ಲ ಅಂದ್ರೆ ಬೇರೆಯೋರು ಕೂಗ್ತಾರೆ. ಖಲಾಸ್."

ಅಂದರೆ ಕಾರ್ಯಕ್ರಮಕ್ಕೆ ಉಳಿದಿದ್ದ ದಿನಗಳಲ್ಲಿ ನಾನು ಮಾತು ಹುಡುಕದಿದ್ದರೆ ಕೆಳಗೆ ಕೂತು ನೋಡಬೇಕು. ಆ ಹಳೆಯ ಕೂಗು ನನ್ನ ಬದಲು ಇನ್ನೊಬ್ಬರ ಬಾಯಿಂದ ವೇದಿಕೆಯ ಮೇಲೆ ಬರುತ್ತದೆ. ಸರಿ ಎಂದೆ. ಹಕ್ಕಿ ಓಡಿಸಿದವಳಿಗೆ ಎರಡು ಅವಕಾಶ ಕಡಿಮೆಯೇನಲ್ಲ.

ಅವತ್ತೇ ಒಂದನ್ನು ಹಾಳುಮಾಡಿಕೊಂಡೆ. ಆತುರಪಟ್ಟೆ. ಸುಲಭವಾಗಿ ಕಂಡದ್ದು ಒಳಗೆ, ಹೊರಗೆ. "ಒಳಗೆ ನಿಲ್ಲು, ಹೊರಗೆ ಬಗ್ಗು" ಎಂದು ಕೂಗುವುದಾಗಿ ಎಲ್ಲರಿಗೂ ಹೇಳಿದೆ. ಮೊದಲನೆಯ ಕೂಗಿಗೆ ಸರಿಯಾಗಿಯೇ ನುಸುಳಿದರು. ಎರಡನೆಯ ಕೂಗಿನ ಹೊತ್ತಿಗೆ ಹೊರಗಿದ್ದವರೆಲ್ಲ ಒಳಗೆ ಬಂದಿದ್ದರು! ಬೇಲಿ ಹಿಡಿದು ನಿಂತವರಿಗೆ ಈಗ ತಾವೇ ಹೊರಗಿನವರು ಅನ್ನಿಸಿತು. ನಾನು ಕೂಗಿದ ಕೂಡಲೇ ಅವರು ಮಾತು ಕೇಳಿ, ಒಳಗೆ ಬಂದವರು ಅಭ್ಯಾಸದಿಂದ, ಹದಿನಾರು ಜನವೂ ಒಟ್ಟಿಗೆ ಬಗ್ಗಿದರು. ಢಣ್ ಎಂದು ಎರಡು ತಲೆಗಳು ಡಿಕ್ಕಿ ಹೊಡೆದ ಸದ್ದು ಹಾಡಿಗಿಂತ ಜೋರಾಗಿ ಕೇಳಿಸಿತು.

ಒಂದು ತಲೆ ಉಡುಪಿ ಕಡೆಯ ಅಕ್ಕನದು. ನಮ್ಮದೇ ಕಟ್ಟಡದ ಮೂರನೆಯ ಮಹಡಿಯವರು, ಮನೆಯಲ್ಲಿ ತುಳು, ಕ್ಲಿನಿಕ್ ಒಂದರ ರಿಸೆಪ್ಶನ್ನಿನಲ್ಲಿ ಕೆಲಸ. ಹಣೆ ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದರು.

"ಎಂತ ಮಾರಾಯ್ತಿ ಇದು! ಆಳು ಬೇಡ ಅಂತ ಹೇಳಿ ಎಲ್ಲರನ್ನೂ ಬಗ್ಗಿಸಿದ್ದಾ ನೀನು?"

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಣ್ಣ ಮಾತ್ರ ಒಂದು ಬೆರಳು ಎತ್ತಿ ತೋರಿಸಿದರು. ಒಂದು ಆಯಿತು ಎಂದು.

ಟೀ ಕುಡಿಯುವಾಗ ಎಲ್ಲರಿಗೂ ಇದೇ ಆಟವಾಯಿತು. ಬೆಂಗಳೂರಿನ ಒಬ್ಬರು, ಬ್ಯಾಂಕಿನಲ್ಲಿರುವವರು, "ಮೇಡಂ, ಸಿಂಪಲ್ಲಾಗಿ ಒಂದು, ಎರಡು ಅಂತ ನಂಬರ್ ಕೊಟ್ಬಿಡಿ. ಒಂದು ನಿಲ್ಲು, ಎರಡು ಬಗ್ಗು" ಎಂದರು. ಅಲ್ಲೇ ಟೀ ಕಪ್ಪು ಕೆಳಗಿಟ್ಟು ನಾಲ್ಕು ಜನ ಮಾಡಿ ನೋಡಿದರು. ನಾವು ಕೋಲು ಹೊಡೆಯುವುದನ್ನು ಕಲಿತದ್ದೇ ಒಂದು, ಎರಡು ಎಂದು ಎಣಿಸಿ. "ಎರಡು" ಎಂಬುದು ಕಿವಿಗೆ ಬಿದ್ದ ಕೂಡಲೇ ಬಗ್ಗಬೇಕಾದವರು ಬಗ್ಗದೆ ಎರಡು ಪೆಟ್ಟು ಹೊಡೆದರು. ಬ್ಯಾಂಕಿನವರದೇ ಬೆರಳ ಗಿಣ್ಣಿಗೆ ಬಿತ್ತು.

"ಹಾಗಾದ್ರೆ ಬಾಸು ನಿಲ್ಲು, ಸ್ಟಾಫು ಬಗ್ಗು!" ಎಂದರು ಅವರು ಬೆರಳು ಬಾಯಲ್ಲಿಟ್ಟುಕೊಂಡೇ.

"ಅದು ನಾವು ಭಾನುವಾರದಿಂದ ಗುರುವಾರದ ತನಕ ಕುಣಿಯುವುದುಂಟಲ್ಲ," ಎಂದರು ಉಡುಪಿಯ ಅಕ್ಕ. "ಶುಕ್ರವಾರವೂ ಬೇಕಾ?"

ಮತ್ತೆ ನಗು. ನಾನು ನಗುವಿನ ನಡುವೆಯೇ ಯೋಚಿಸುತ್ತಿದ್ದೆ. ತಮಾಷೆ ಚೆನ್ನಾಗಿತ್ತು, ತಾಳಕ್ಕೂ ಕೂರುತ್ತಿತ್ತು. ಆದರೆ ಅದು ಅದೇ ಮಾತು, ಟೈ ಕಟ್ಟಿಕೊಂಡು ಬಂದಿದೆ ಅಷ್ಟೆ. ಯಾರಿಗೆ ಯಾವ ಹೆಸರು ಕೊಟ್ಟರೂ ಒಬ್ಬ ನಿಂತೇ ಇರುತ್ತಾನೆ, ಇನ್ನೊಬ್ಬ ಬಗ್ಗುತ್ತಲೇ ಇರುತ್ತಾನೆ. ನಾನು ಹೆಸರುಗಳ ಹಿಂದೆ ಬಿದ್ದದ್ದೇ ತಪ್ಪೇನೋ ಅನ್ನಿಸಿತು.

ಆ ವಾರ ಪೂರ್ತಿ ಅದೇ ಕೆಲಸ. ಬಸ್ಸಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದೆ. ಕೂಗಿನಲ್ಲಿ ನಾಲ್ಕು ಪದ, ಪ್ರತಿ ಪದಕ್ಕೂ ಒಂದೇ ಅಳತೆ. ಪೈರು, ತೆನೆ, ಗಾಳಿ ಎಲ್ಲವನ್ನೂ ಬರೆದೆ. "ಕಂಬ ನಿಲ್ಲು, ತೆನೆಯು ಬಾಗು" ಎಂಬುದೊಂದು ಓದಲು ಚೆಂದವಿತ್ತು. ಉಡುಪಿಯ ಅಕ್ಕನಿಗೆ ಫೋನಿನಲ್ಲಿ ಓದಿದೆ.

"ಒಳ್ಳೇದುಂಟು," ಎಂದರು. "ಆದರೆ ನನ್ನನ್ನು ತೆನೆ ಅಂತ ಹೇಳಿದರೂ ಸೊಂಟ ನೋವು ಅಷ್ಟೇ ಆಗ್ತದೆ, ಆಯ್ತಾ?"

ಆ ಮಾತು ಸರಿಯಾಗಿತ್ತು. ಕಾಗದ ಹರಿದೆ.

ಬುಧವಾರ ಊಟದ ಬಿಡುವಿನಲ್ಲಿ ಮೇಜಿನ ಮುಂದೆ ಕೂತು ಆ ಹಳೆಯ ವಿಡಿಯೋವನ್ನೇ ಮತ್ತೆ ಹಾಕಿದೆ. ಪಕ್ಕದಲ್ಲಿ ಜನರಿದ್ದರು, ಹಾಗಾಗಿ ಸದ್ದು ಬಂದ್ ಮಾಡಿದೆ. ಹಾಡೂ ಇಲ್ಲ, ನನ್ನ ಕೂಗೂ ಇಲ್ಲ. ಆಗ ಮೊದಲ ಸಲ ಆ ಕೋಪನ್ನು ಬರಿಗಣ್ಣಿನಿಂದ ನೋಡಿದ ಹಾಗಾಯಿತು. ನಿಂತವರು ಏನೂ ಮಾಡುತ್ತಿಲ್ಲ. ಕೋಲುಗಳನ್ನು ಸೊಂಟದ ಮಟ್ಟಕ್ಕೆ, ಕೆಲವರು ಅದಕ್ಕೂ ಕೆಳಗೆ, ಸುಸ್ತಾದವರ ಹಾಗೆ ಹಿಡಿದು ಅತ್ತ ಇತ್ತ ನೋಡುತ್ತಿದ್ದಾರೆ. ಕುಣಿತವೆಲ್ಲ ಬಗ್ಗುವವರದು. ಒಳಗೆ ಹೋಗುವವರು ಅವರು, ತಿರುಗುವವರು ಅವರು, ಮುಂದಿನ ಸಂದಿ ಹಿಡಿದು ಹೊರಬರುವವರು ಅವರು. ಸುತ್ತು ಸಾಗುವುದು ಅವರಿಂದ. ಅವರು ನಿಂತರೆ ಕೋಪೇ ಇಲ್ಲ. ಅವರು ಅಷ್ಟು ಬಗ್ಗುತ್ತಿರುವುದು ಎದುರಿನವರು ಕೋಲನ್ನು ಎತ್ತದೆ ಇರುವುದರಿಂದ.

ಮೂರು ಸಲ ನೋಡಿದೆ. ಆಮೇಲೆ ಒಂದು ಹಳೆಯ ನಕ್ಷೆಯ ಬೇಡದ ಪ್ರತಿಯ ಹಿಂದೆ ಬರೆದೆ: ನಿಂತವರ ಕೆಲಸ ಏನು? ಕೋಲು ಎತ್ತುವುದು. ಹೋಗುವವರ ಕೆಲಸ ಏನು? ದಾಟುವುದು.

"ಕೋಲು ಎತ್ತು, ದಾಟಿ ಹೋಗು."

ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದೆ. ನಾಲ್ಕು ಪದ, ನಾಲ್ಕೂ ಒಂದೇ ಅಳತೆ. ಕೂತಿತು. ಪಕ್ಕದ ಮೇಜಿನ ಮಲಯಾಳಿ ಹುಡುಗಿ, "ಎಂದಾ ಚೇಚಿ, ಏನಕ್ಕ, ಪ್ರಮೋಷನ್ನಾ?" ಎಂದು ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಸಂಜೆ ಉಡುಪಿಯ ಅಕ್ಕನನ್ನು ಮನೆಗೆ ಕರೆದೆ. ನಡುಮನೆಯ ಸೋಫಾ ಸರಿಸಿ, ಎರಡು ಕುರ್ಚಿಗಳ ನಡುವೆ ನೆಲ ಒರೆಸುವ ಕೋಲನ್ನು ಅಡ್ಡ ಇಟ್ಟೆ. ಹಳೆಯ ಎತ್ತರದಲ್ಲಿ ಅವರು ಒಮ್ಮೆ ನುಸುಳಿದರು, ಸೊಂಟ ಹಿಡಿದುಕೊಂಡು ಎದ್ದರು. ಆಮೇಲೆ ಕೋಲನ್ನು ನಾನೇ ಕೈಯಲ್ಲಿ ಹಿಡಿದು ತಲೆಯ ಮಟ್ಟಕ್ಕೆ ಎತ್ತಿ ಕೂಗಿದೆ. ಅವರು ತಲೆಯನ್ನು ಮಾತ್ರ ಒಂದಿಷ್ಟು ತಗ್ಗಿಸಿ, ಸೆರಗು ಹಾರಿಸಿಕೊಂಡು, ಒಂದು ಗಿರಕಿ ಸುತ್ತಿ ಆ ಕಡೆ ಹೋದರು.

"ಓ!" ಎಂದರು. "ಗಿರಕಿಗೆ ಜಾಗ ಸಿಗ್ತದೆ ನೋಡು."

ಅದು ನಾನು ಯೋಚಿಸದೆ ಇದ್ದದ್ದು.

ಎರಡನೆಯ ಶುಕ್ರವಾರ ಹೆಚ್ಚು ವಿವರಿಸಲಿಲ್ಲ. "ಎಂಟನೇದಕ್ಕೆ ಹೊಸ ಕೂಗು. ಏನು ಕೇಳಿಸುತ್ತೋ ಅದನ್ನ ಮಾಡಿ, ಅಷ್ಟೆ" ಎಂದೆ. ಅಣ್ಣ ಯಾವಾಗಲೂ ಒಳಸುತ್ತಿನಲ್ಲಿ ನಿಲ್ಲುತ್ತಾರೆ, ಅವತ್ತು ನೋಡುವುದಕ್ಕೆಂದು ಹೊರಗೇ ನಿಂತರು. ಅವರ ಜಾಗಕ್ಕೆ, ಪ್ರತಿ ಶುಕ್ರವಾರ ಅಭ್ಯಾಸ ನೋಡಲು ಇಳಿದು ಬಂದು ಕುಣಿತ ಕಲಿತಿದ್ದ ನನ್ನ ಗಂಡ ಹೋದರು. ಏಳು ಕೋಪು ಮುಗಿಯುವವರೆಗೂ ನಾನು ಅಣ್ಣನ ಕಡೆ ನೋಡಲಿಲ್ಲ. ಹುಟ್ಟಿದ ಮೇಲೆ ನಾನು ಬರೆದ ಪರೀಕ್ಷೆಗಳು ಕಡಿಮೆಯಲ್ಲ. ಒಂದಕ್ಕೂ ಇಷ್ಟು ಹೆದರಿರಲಿಲ್ಲ.

"ಕೋಲು ಎತ್ತು, ದಾಟಿ ಹೋಗು!"

ಎಂಟು ಜೊತೆ ಕೈಗಳು ಮೇಲೆದ್ದವು. ಹೇಳಿಕೊಟ್ಟಿರಲಿಲ್ಲ. ಎತ್ತು ಎಂದದ್ದಕ್ಕೆ ಎತ್ತಿದರು. ಬೇಲಿಯಂತಿದ್ದದ್ದು ಬಾಗಿಲಾಯಿತು. ಹೊರಗಿನವರು ದಾಟಿದರು. ಎರಡನೆಯ ಕೂಗಿಗೆ ಯಾರು ಒಳಗೆ, ಯಾರು ಹೊರಗೆ ಎಂಬ ಗೊಂದಲವೇ ಬರಲಿಲ್ಲ. ಕೋಲು ಚಾಚಿದ್ದವರು ಎತ್ತಿದರು, ಚಾಚದೆ ಇದ್ದವರು ದಾಟಿದರು. ಉಡುಪಿಯ ಅಕ್ಕ ಗಿರಕಿ ಹಾಕಿದ್ದನ್ನು ನೋಡಿ ಮೂರನೆಯ ಕೂಗಿಗೆ ಇನ್ನಿಬ್ಬರು ಹಾಕಿದರು, ಕೊನೆಯ ಕೂಗಿಗೆ ಎಂಟೂ ಜನ. ಒಂದು ಕೋಲೂ ತಪ್ಪಲಿಲ್ಲ. ಹಾಡು ನಿಂತಾಗ ಪಾರ್ಕಿಂಗಿನ ಕಾವಲುಗಾರ ದೂರದಿಂದ ಚಪ್ಪಾಳೆ ತಟ್ಟಿದ.

ಎಲ್ಲರೂ ಅಣ್ಣನ ಕಡೆ ನೋಡಿದರು.

"ಕಾಲು ತಪ್ಪಲಿಲ್ಲ," ಎಂದರು ಅಣ್ಣ. "ಒಪ್ದೆ. ಆದ್ರೆ ಬಗ್ಗೋದೇ ಹೋಯ್ತಲ್ಲವ್ವ. ಕೋಪೇ ಬೇರೆ ಆಗೋಯ್ತು."

ಅವರು ಹೇಳಿದ್ದು ನಿಜ. ನಾನು ಮಾತು ಬದಲಾಯಿಸುತ್ತೇನೆ ಎಂದಿದ್ದೆ, ಕುಣಿತವೂ ಬದಲಾಗಿತ್ತು. ಆ ಮಾತು ಅಷ್ಟು ವರ್ಷ ನಿಂತವರ ಕೈಯನ್ನು ಕೆಳಗೇ ಇಟ್ಟಿತ್ತು ಎಂದು ನನಗೆ ಕಾಣುತ್ತಿತ್ತು. ಆದರೆ ಅವರಿಗೆ ಕಾಣುತ್ತಿದ್ದದ್ದು ತಮ್ಮ ತಂದೆಯ ಕೋಪು ಒಂದು ಕಡಿಮೆಯಾದದ್ದು.

"ಹೌದು ಅಣ್ಣ. ಬೇರೆ ಆಯ್ತು," ಎಂದೆ. "ನನಗೆ ಇದೇ ಹೆಚ್ಚು ಚೆನ್ನಾಗಿ ಕಾಣ್ಸುತ್ತೆ. ನಿಮಗೆ ಹೇಗೆ ಕಾಣ್ಸುತ್ತೋ ಸುಳ್ಳು ಹೇಳದೆ ಹೇಳಿ."

ಅಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

"ಕುಣಿಯೋಕೆ ಚೆನ್ನಾಗೈತೆ," ಎಂದರು ಕೊನೆಗೆ. "ಅದು ಸುಳ್ಳಲ್ಲ. ಮಾತು ಕೊಟ್ಟಿದ್ದೀನಿ, ಕೂಗು. ಆದ್ರೆ ನೋಟ್‌ಬುಕ್ಕಲ್ಲಿ ಬರ್ಕೊಳಲ್ಲ."

"ಬರ್ಕೋಬೇಡಿ. ನನ್ನ ಬಾಯಲ್ಲಿರುತ್ತೆ."

ಹೀಗೆ ಹೇಳಿದೆನೇ ಹೊರತು ಮನಸ್ಸಿಗೆ ಸಮಾಧಾನ ಇರಲಿಲ್ಲ. ಒಪ್ಪಂದದ ಪ್ರಕಾರ ಗೆದ್ದಿದ್ದೆ. ನನ್ನ ಜಾಗ ಉಳಿದಿತ್ತು. ಆದರೆ ಒಬ್ಬಳ ಬಾಯಲ್ಲಿರುವ ಕೂಗು ಅವಳು ವೀಸಾ ಮುಗಿದು ಹೊರಟ ದಿನ ಹೊರಟುಹೋಗುತ್ತದೆ. ಮುಂದಿನ ವರ್ಷ ಬೇರೆ ಯಾರೋ ನೋಟ್‌ಬುಕ್ಕು ನೋಡಿ ಮತ್ತೆ ಆಳನ್ನು ಬಗ್ಗಿಸುತ್ತಾರೆ. ಅದು ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಕುಣಿಯುವವರಿಗೆಲ್ಲ ಕೆಂಪು, ಹಳದಿ ಬಟ್ಟೆ. ನಾನು ಮೈಕು ಬೇಡ ಎಂದೆ. ಸಂಘಟಕರು ಒತ್ತಾಯ ಮಾಡಿದರು. ಹಿಂದಿನ ಸಾಲಿಗೆ ಕೇಳಿಸದಿದ್ದರೆ ಆಮೇಲೆ ಕೊಡಿ ಎಂದೆ. ಕೊಡುವ ಪ್ರಮೇಯ ಬರಲಿಲ್ಲ. ವೇದಿಕೆಯ ಎಡಮೂಲೆಯಲ್ಲಿ ನಿಂತು ಹನ್ನೊಂದು ಕೋಪುಗಳನ್ನೂ ಕೂಗಿದೆ. ಎಂಟನೆಯದಕ್ಕೆ ಸಭೆ ಎದ್ದು ಕೂತಿತು. ಕೋಲುಗಳು ಒಮ್ಮೆಗೇ ಮೇಲೆದ್ದು, ಅವುಗಳ ಅಡಿಯಲ್ಲಿ ಸೆರಗುಗಳೂ ಪೇಟದ ತುದಿಗಳೂ ಗಿರಕಿ ಹೊಡೆಯುತ್ತ ಸಾಗಿದವು. ಮಕ್ಕಳು ಸೀಟಿ ಹಾಕಿದರು. ಅಣ್ಣ ಒಳಸುತ್ತಿನಲ್ಲಿ ನಿಂತು ತಮ್ಮ ಕೋಲನ್ನು ಎಲ್ಲರಿಗಿಂತ ಮೇಲೆ ಎತ್ತಿದ್ದರು. ಅವರು ಎತ್ತರದ ಆಳಾದದ್ದರಿಂದ ಹಾಗೆ ಕಂಡಿತೋ ಏನೋ, ನನಗೆ ಗೊತ್ತಿಲ್ಲ. ಕಂಡದ್ದನ್ನು ಹೇಳುತ್ತಿದ್ದೇನೆ.

ಮುಗಿದ ಮೇಲೆ ಊಟದ ಸಾಲು. ಚಿತ್ರಾನ್ನ, ಮೊಸರನ್ನ, ಹೋಳಿಗೆ. ಅಣ್ಣ ನನಗಿಂತ ಎರಡು ಜನ ಮುಂದೆ ನಿಂತಿದ್ದರು. ಬಿಳಿ ಶರ್ಟಿನ ಹಿರಿಯರೊಬ್ಬರು ಬಂದು ಅವರ ಕೈಕುಲುಕಿದರು. ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರಂತೆ. ಅಣ್ಣನ ತಾಲ್ಲೂಕಿನವರೇ, ಅವರ ತಂದೆಯ ಕೋಲಾಟ ನೋಡಿದವರು.

"ಭೇಷಾಗಿತ್ತು ಕನಪ್ಪ. ನಿಮ್ಮಪ್ಪನ್ನ ನೋಡ್ದಂಗಾಯ್ತು," ಎಂದರು. ಆಮೇಲೆ ಸ್ವಲ್ಪ ಬಗ್ಗಿ, ಗುಟ್ಟು ಹೇಳುವವರ ಹಾಗೆ, "ಎಂಟನೇದ್ರಲ್ಲಿ ಆ ಹೆಣ್ಮಗಳು ತಪ್ಪು ಕೂಗ್ಬುಟ್ಲು. ಅದು ಒಡೆಯ ನಿಲ್ಲು, ಆಳು ಬಗ್ಗು ಅಂತ ಅಲ್ವಾ?"

ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಮುಂದೆ ಹೋಗಿ ನಾನೇ ಹೇಳಬೇಕೆಂದುಕೊಂಡೆ. ನನಗೆ ಬಾಯಿಗೆ ಬರ ಇಲ್ಲ. ಆದರೆ ಪ್ರಶ್ನೆ ಕೇಳಿದ್ದು ಅಣ್ಣನನ್ನು.

"ತಪ್ಪೇನಿಲ್ಲ ದೊಡ್ಡಪ್ಪ," ಎಂದರು ಅಣ್ಣ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. "ನಮ್ಮಲ್ಲಿ ಹಂಗೇ ಕೂಗೋದು."

"ನಿಮ್ಮಲ್ಲಿ ಅಂದ್ರೆ? ನಿಮ್ಮೂರಲ್ಲಾ?"

"ನಮ್ಮ ತಂಡದಲ್ಲಿ. ಕೋಲು ಎತ್ತು, ದಾಟಿ ಹೋಗು. ಬರ್ಕೊಡ್ಲಾ? ಊರಿಗ್ ಹೋದ್ಮೇಲೆ ನಿಮ್ಮ ಹುಡುಗರಿಗೂ ಹೇಳ್ಕೊಡಿ."

ಆ ಹಿರಿಯರು ಬೇಡ ಎನ್ನಲಿಲ್ಲ. ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಅಣ್ಣ ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಒಂದು ಪೇಪರ್ ನ್ಯಾಪ್ಕಿನ್ನಿನ ಮೇಲೆ ನಾಲ್ಕು ಪದಗಳನ್ನು ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ನಾನು ಹಿಂದೆ ನಿಂತಿರುವುದು ಅವರಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ಸಾಲು ಮುಂದೆ ಹೋಯಿತು. ನಾನು ಎರಡು ಹೋಳಿಗೆ ಹಾಕಿಸಿಕೊಂಡೆ.